ಕಾರ್ನರ್ ಸೈಟಿನ ದಿಬ್ಬ

“ಮಗೂನ ಮಣ್ಣು ಮಾಡಕ್ಕೂ ಗೇಣುದ್ದ ಸ್ವಂತ ಜಾಗ ಇಲ್ದೋನು ಎಂಗಿರ್ತಾನೆ ಅಂತ ನೋಡ್ಬೇಕಾ? ಅಗೋ, ಗೇಟಿಗೆ ವೆಲ್ಡಿಂಗ್ ಒಡೀತಾವ್ನಲ್ಲ, ಅವ್ನೇ ನೋಡ್ಕಳಿ.”

ಚಿಕ್ಕಹನುಮಯ್ಯ ಇದನ್ನು ಗುಟ್ಟಾಗಿ ಹೇಳಲಿಲ್ಲ. ಚಿಕ್ಕಜಾಲದ ಆಚೆಗಿನ ಅವನ ಹೊಸ ಲೇಔಟಿನಲ್ಲಿ ಶಾಮಿಯಾನ ಹಾಕಿತ್ತು. ಸೈಟು ನೋಡಲು ಕಾರುಗಳಲ್ಲಿ ಬಂದವರು ಅದರ ನೆರಳಲ್ಲಿ ಕೇಸರಿಬಾತ್ ತಿನ್ನುತ್ತಾ ಕೂತಿದ್ದರು. ಅವರೆಲ್ಲರ ಕಿವಿಗೂ ಬೀಳಲೆಂದೇ ಗಂಟಲು ಎತ್ತರಿಸಿ ಹೇಳಿದ. ಯಾರೋ ಒಬ್ಬರು, ಎಲ್ಲ ಸೈಟೂ ಮಟ್ಟ ಮಾಡಿ ಆ ಕಾರ್ನರ್ ಸೈಟಲ್ಲಿ ಮಾತ್ರ ಮಣ್ಣಿನ ದಿಬ್ಬ ಯಾಕ್ರೀ ಬಿಟ್ಟಿದ್ದೀರಾ ಎಂದು ಕೇಳಿದ್ದರು. ಅದಕ್ಕೆ ಅವನು ಕೊಟ್ಟ ಉತ್ತರ ಅದು.

ಕೂತಿದ್ದ ಹೆಂಗಸೊಬ್ಬಳು ಚಮಚವನ್ನು ತಟ್ಟೆಯಲ್ಲಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋಪಿ ಮುಖದ ಮೇಲಿದ್ದ ಶೀಲ್ಡು ಎತ್ತಿದ. ಬೆಳಗಿನಿಂದ ಆ ಗೇಟನ್ನು ಬೆಸೆಯುತ್ತಿದ್ದವನು ಅವನು. ದೊಡ್ಡಪ್ಪ ಚಿಕ್ಕಹನುಮಯ್ಯನ ಲೇಔಟಿನ ಕೆಲಸ ಎಂದು ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ. ವೆಲ್ಡಿಂಗ್ ಅಂಗಡಿ ಮಾಲೀಕ ಹೇಳಿರಲಿಲ್ಲ. ಬಂದ ಮೇಲೂ ಆ ಮೂಲೆಯ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲ.

“ಏನಂದೆ?” ಎಂದ.

“ಇರೋದ್ ಅಂದೆ. ಈ ಶನಿವಾರದೊಳ್ಗೆ ಅಗೆದು ಎತ್ಕಂಡೋಗು. ಭಾನುವಾರ ಜೆಸಿಬಿ ಬಿಡಿಸ್ತೀನಿ. ಆಮೇಲೆ ಟ್ರಾಕ್ಟರ್ ಮಣ್ಣಲ್ಲಿ ಎಲ್ಲೋಯ್ತು ಅಂತ ಉಡುಕ್ಕೊಂಡ್ ತಿರುಗ್ಬೇಡ.”

ಅಲ್ಲಿಗೆ ಗೋಪಿಯ ತಲೆ ಕೆಟ್ಟಿತು. ಕೈಗವಸು ಕಿತ್ತೆಸೆದು ಶಾಮಿಯಾನಕ್ಕೆ ನುಗ್ಗಿದ. ಅವನ ಬಾಯಿಂದ ಬಂದ ಮಾತುಗಳನ್ನು ಕೇಳಿ ಹೆಂಗಸರು ಎದ್ದು ಕಾರಿನ ಕಡೆ ನಡೆದರು. ದೊಡ್ಡಪ್ಪನ ಬಿಳಿ ಶರ್ಟಿನ ಕಾಲರು ಅವನ ಕೈಗೆ ಸಿಕ್ಕಿತ್ತು. ಅಷ್ಟರಲ್ಲಿ ದೊಡ್ಡಪ್ಪನ ಮಗ ನಾಗೇಶ್ ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. “ಬಿಡೋ ಮಗಾ, ಬಿಡೋ, ಜನ ನೋಡ್ತಾವ್ರೆ.” ಹಿಡಿದವನ ಹಿಡಿತದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಅದರಿಂದ ಗೋಪಿಗೆ ಇನ್ನೂ ಉರಿಯಿತು. ಸಂಜೆಯ ಹೊತ್ತಿಗೆ ಅಂಗಡಿ ಮಾಲೀಕನ ಫೋನು ಬಂತು: ನಾಳೆಯಿಂದ ಬರಬೇಡ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಂದಿನಿಂದ ಗೋಪಿಯ ಬದುಕು ಹೀಗೇ. ಯಾರೋ ಏನೋ ಅನ್ನುವುದು, ಇವನು ಎರಡರಷ್ಟು ಅನ್ನುವುದು, ಕೊನೆಗೆ ಕೆಲಸ ಹೋಗುವುದು ಇವನದೇ.

ಆ ಜಮೀನು ಅವನ ಅಪ್ಪನ ಪಾಲಿನದು. ಹಾಗೆಂದೇ ಅವನು ತಿಳಿದಿದ್ದ. ಅಪ್ಪ ಕುಡಿದ ಅಮಲಿನಲ್ಲಿ ಅಣ್ಣನಿಗೆ ಸಹಿ ಹಾಕಿಕೊಟ್ಟಿದ್ದು ಅಪ್ಪ ಸತ್ತ ಎಷ್ಟೋ ಕಾಲದ ಮೇಲೆ ತಿಳಿಯಿತು. ಅಷ್ಟರಲ್ಲಿ ಗೋಪಿ ತನ್ನ ಮಗಳನ್ನು ಅಲ್ಲಿ ಮಣ್ಣು ಮಾಡಿದ್ದ.

ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಂಡತಿ ಮೋನಿಕಾ ಐಸಿಯುನಲ್ಲಿದ್ದಳು. ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆದಿದ್ದರು. ಇನ್ನೊಂದು ಮಗು ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಅತ್ತೆ ದಾನವ್ವ ಅವನ ಕೈ ಹಿಡಿದು, “ಬೆಳಗಾಗಲಪಾ, ಅಯ್ಯನವರಿಗೆ ಹೇಳೋಣು, ಸಭೆಯ ಸಮಾಧಿ ಜಾಗದಾಗ ಪ್ರಾರ್ಥನಿ ಮಾಡಿ ಮಣ್ಣಿಗಿಡೋಣು” ಎಂದಿದ್ದಳು. ಸಭೆಯೆಂದರೆ ಯಲಹಂಕದಲ್ಲಿರುವ ಅವರ ಚರ್ಚು. ಅಯ್ಯನವರೆಂದರೆ ಅಲ್ಲಿನ ಪಾಸ್ಟರು. ಗೋಪಿ ಕೇಳಲಿಲ್ಲ. ಯಾವ ದೇವರು ಕೊಡಲಿಲ್ಲವೋ ಆ ದೇವರ ಜಾಗ ನನಗೆ ಬೇಡ ಎಂದ. ತನ್ನ ಕಡೆಯವರು ಎಳೆಗೂಸುಗಳನ್ನು ಹೊಲದ ಅಂಚಿನಲ್ಲಿ ಹೂಳುವುದನ್ನು ಚಿಕ್ಕಂದಿನಿಂದ ನೋಡಿದ್ದ. ಅಪ್ಪನ ಹೊಲ ಇದೆ, ನನ್ನ ಮಗಳು ಅಲ್ಲೇ ಇರಲಿ ಎಂದು ಹಟ ಹಿಡಿದು, ಬೆಳಕು ಹರಿಯುತ್ತಲೇ ಒಬ್ಬನೇ ಹೋಗಿ ಗುಂಡಿ ತೋಡಿ, ಉಪ್ಪು ಹಾಕಿ, ಮುಚ್ಚಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿ ಬಂದಿದ್ದ. ಮೋನಿಕಾ ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಾಗಿ ಎರಡು ಮಳೆಗಾಲ ಕಳೆದಿದ್ದವು.

*

ಯಲಹಂಕ ಹಳೇ ಊರಿನ ಸಂದಿಯೊಂದರಲ್ಲಿ, ಮೆಟ್ಟಿಲು ಹತ್ತಿದರೆ ಸಿಗುವ ಶೀಟಿನ ಮನೆ ಅವರದು. ಕೆಲಸ ಕಳೆದುಕೊಂಡು ಗೋಪಿ ಒಳಗೆ ಬಂದಾಗ ದಾನವ್ವ ಊಟಕ್ಕೆ ಅಣಿ ಮಾಡುತ್ತಿದ್ದಳು. ಮೋನಿಕಾ ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದು ಬಂದು ಚಾಪೆಯ ಮೇಲೆ ಕೂತಳು. ಯಾವತ್ತಿನಂತೆ ಗಂಡನ ಮುಖ ನೋಡಲಿಲ್ಲ.

ಆ ಮನೆಯಲ್ಲೊಂದು ರೂಢಿ. ತಟ್ಟೆ ಮುಟ್ಟುವ ಮೊದಲು ಪ್ರತಿಯೊಬ್ಬರೂ ಆ ದಿನದ್ದೊಂದು ಸ್ತೋತ್ರ ಹೇಳಬೇಕು, ಅಂದರೆ ಯಾವುದಾದರೂ ಒಂದಕ್ಕೆ ದೇವರಿಗೆ ವಂದನೆ. ಗದುಗಿನ ಕಡೆಯಿಂದ ಮದುವೆಯಾಗಿ ಬಂದು, ಗಂಡನನ್ನು ಕಳೆದುಕೊಂಡು, ಕಂಡವರ ಮಕ್ಕಳಿಗೆ ಆಯಾ ಆಗಿ ದುಡಿದು ಮಗಳನ್ನು ಬೆಳೆಸಿದ ದಾನವ್ವನಿಗೆ ಸ್ತೋತ್ರಕ್ಕೆ ಎಂದೂ ಬರವಿರಲಿಲ್ಲ.

“ಕರ್ತನೇ, ಅಕ್ಕಿ ಬೇಯೂತನಕ ಗ್ಯಾಸ್ ಉಳೀತು, ಸ್ತೋತ್ರ. ಮ್ಯಾಲಿನ ಮನಿ ನೀರು ನಮ್ಮ ಗ್ವಾಡಿ ಮ್ಯಾಲ ಸೋರೋದು ನಿಂತೈತಿ, ಅದಕ್ಕೂ ಸ್ತೋತ್ರ.”

ಮೋನಿಕಾ ಕಣ್ಣು ಮುಚ್ಚಿ, “ಅನ್ನಕ್ಕಾಗಿ ಸ್ತೋತ್ರ” ಎಂದಳು. ಆಸ್ಪತ್ರೆಯಿಂದ ಬಂದಂದಿನಿಂದ ಅವಳು ಹೇಳಿದ್ದು ಅದೊಂದನ್ನೇ. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿ ಇರುತ್ತದಲ್ಲ, ಹಾಗೆ.

ಗೋಪಿ ಮಾತ್ರ ತನ್ನ ಸರದಿ ಬಂದಾಗ ತಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದ. ಅವನು ದೀಕ್ಷಾಸ್ನಾನ ತೆಗೆದುಕೊಂಡವನಲ್ಲ. ಮೋನಿಕಾಳ ಮೇಲಿನ ಆಸೆಗೆ ಭಾನುವಾರ ಅವಳ ಪಕ್ಕ ಹೋಗಿ ಕೂರುತ್ತಿದ್ದ. ಮಗು ಹೋದ ಮೇಲೆ ಅದನ್ನೂ ಬಿಟ್ಟಿದ್ದ. ದಾನವ್ವ ಒಂದು ಗಳಿಗೆ ಕಾದು, “ಇದು ಗೋಪಿ ಪಾಲಿಂದು” ಎಂದು ಅವನ ಬದಲಿಗೆ ತಾನೇ ಒಂದು ಹೇಳಿ ಮುಗಿಸುತ್ತಿದ್ದಳು.

“ಇದು ಗೋಪಿ ಪಾಲಿಂದು,” ಎಂದು ಇವತ್ತೂ ಶುರು ಮಾಡಿದಳು. “ಇವತ್ತಿನ ಕೆಲಸಕ್ಕಾಗಿ...”

“ಕೆಲ್ಸ ಹೋಯ್ತು,” ಎಂದ ಗೋಪಿ.

ದಾನವ್ವ ಕಣ್ಣು ತೆರೆದಳು.

“ನನ್ ಪಾಲಿಂದು ನೀವ್ ಯಾಕ್ ಹೇಳ್ತೀರಾ ಅತ್ತೆ? ನನ್ ಪಾಲಿಗೆ ಏನಿದೆ? ಜಮೀನು ಹೋಯ್ತು, ಮಗು ಹೋಯ್ತು. ಮಲಗಿರೋ ಜಾಗದಿಂದ್ಲೂ ಅದನ್ನ ಎಬ್ಬಿಸ್ತಾರಂತೆ ಈಗ. ಯಾವುದಕ್ಕೆ ಅಂತ ಸ್ತೋತ್ರ? ಗ್ಯಾಸ್ ಸಿಲಿಂಡರಿಗಾ?”

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಶಾಮಿಯಾನ, ದೊಡ್ಡಪ್ಪನ ಮಾತು, ಶನಿವಾರದ ಗಡುವು. ಹಾರೆ ತಗೊಂಡು ಹೋಗಿ ಆ ದಿಬ್ಬದ ಮೇಲೆ ನಿಲ್ಲುತ್ತೇನೆ, ಜೆಸಿಬಿ ಬಂದರೆ ಅದರ ಗಾಜು ಒಡೆಯುತ್ತೇನೆ, ಜೈಲಾದರೆ ಆಗಲಿ ಎಂದ. ಮೇಲೆ ವಾಯುಪಡೆಯ ವಿಮಾನವೊಂದು ಶೀಟು ಅದುರಿಸುತ್ತಾ ಹೋಯಿತು.

ಸದ್ದು ಅಡಗಿದ ಮೇಲೆ ಮೋನಿಕಾ ಕೇಳಿದಳು. “ಯಾರ ಥರ ಇದ್ಲು?”

ಗೋಪಿಗೆ ಅರ್ಥವಾಗಲಿಲ್ಲ.

“ನಾನ್ ನೋಡ್ಲಿಲ್ವಲ್ಲ ಗೋಪಿ. ಎಚ್ಚರ ಆದಾಗ ಇರ್ಲಿಲ್ಲ. ನೀನು ಒಂದ್ ದಿನಾನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಯಾರ ಥರ ಇದ್ಲು?”

ಜಗಳವಾಡಲು ಬಿಗಿದು ನಿಂತಿದ್ದ ಮೈ ಅವನದು. ಈ ಪ್ರಶ್ನೆಗೆ ಅದು ಸಿದ್ಧವಿರಲಿಲ್ಲ. ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

“ಕಿವಿ ನಿಂದೇ,” ಎಂದ. “ಮೇಲ್ಗಡೆ ಸ್ವಲ್ಪ ಮಡಚ್ಕೊಂಡಿತ್ತು, ನಿಂದಿದೆಯಲ್ಲ ಹಂಗೆ. ಕೂದ್ಲು ಜಾಸ್ತಿ. ಕತ್ತಿನ ತನ್ಕ ಇತ್ತು.”

“ಆಮೇಲೆ?”

“ಬಲಗೈ ಮುಷ್ಟಿ ಕಟ್ಕೊಂಡಿದ್ಲು. ತೊಳೆಯೋವಾಗ ಬಿಡಿಸಕ್ ನೋಡ್ದೆ, ಆಗ್ಲಿಲ್ಲ. ಹಂಗೇ ಬಿಟ್ಟೆ.”

“ನೀನು ತೊಳೆದ್ಯಾ?”

“ಇನ್ಯಾರು ತೊಳೀತಾರೆ? ಬಟ್ಟೇಲಿ ಸುತ್ತಿ ಕೈಗ್ ಕೊಟ್ಬಿಟ್ರು. ಮೈಯೆಲ್ಲ ರಕ್ತ. ಹಂಗೆ ಹೆಂಗ್ ತಗೊಂಡ್ ಹೋಗ್ಲಿ ಅಂತ ನಿಂತಿದ್ದೆ. ಒಬ್ಬ ನರ್ಸು ಬಿಸಿನೀರು ತಂದ್ಕೊಟ್ಳು, ಒಂದ್ ಟಬ್ಬಲ್ಲಿ. ತಣ್ಣೀರು ಬೆರೆಸಿ ಕೈ ಇಟ್ ನೋಡಿ ಕೊಟ್ಳು. ಬದುಕಿರೋ ಮಗೂಗೆ ನೋಡ್ತಾರಲ್ಲ, ಹಂಗೆ.” ಅವನ ದನಿ ಒಡೆಯಿತು. ಸಿಟ್ಟಿನಿಂದ ಅದನ್ನು ಮತ್ತೆ ಬಿಗಿದುಕೊಂಡ. “ನಿಮ್ಮಮ್ಮ ಹೆಣೆದಿದ್ರಲ್ಲ ಹಳದಿ ಟೋಪಿ, ಅದನ್ನೇ ಹಾಕ್ದೆ.”

“ಆ ನರ್ಸಿನ ಹೆಸರು ಗೊತ್ತೇನಪಾ?” ಎಂದು ದಾನವ್ವ ಕೇಳಿದಳು.

“ಅಮ್ರೀನ್ ಅಂತ ಬ್ಯಾಡ್ಜಲ್ಲಿತ್ತು.”

“ಅಮ್ರೀನಳಿಗಾಗಿ ಸ್ತೋತ್ರ,” ಎಂದಳು ದಾನವ್ವ. ಅಷ್ಟೇ.

ಮೋನಿಕಾ ಅಳುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತಿದ್ದನ್ನು ಗೋಪಿ ನೋಡಿರಲಿಲ್ಲ. ಅವಳು ಅವನ ಕೈಯನ್ನು ತೆಗೆದುಕೊಂಡು, ಬೆಂಕಿಕಿಡಿ ಬಿದ್ದು ಕಪ್ಪು ಚುಕ್ಕಿಯಾದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು.

“ಯಾರೂ ನೋಡ್ದೆ, ಯಾರೂ ಮುಟ್ದೆ ಹೋದ್ಲು ಅಂದ್ಕೊಂಡಿದ್ದೆ,” ಎಂದಳು. “ಎರಡ್ ವರ್ಷ ಹಂಗೇ ಅಂದ್ಕೊಂಡಿದ್ದೆ ಕಣೋ. ಅವಳಪ್ಪ ಅವಳಿಗೆ ಸ್ನಾನ ಮಾಡಿಸಿದ್ದಾನೆ. ಸ್ತೋತ್ರ ಕರ್ತನೇ.”

ಅದು ಬಸ್ಸಿನ ದನಿಯಾಗಿರಲಿಲ್ಲ.

ಗೋಪಿ ಕೈ ಬಿಡಿಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಆ ತೊಳೆದ ಗಳಿಗೆಯನ್ನು ಅವನು ಇಷ್ಟು ದಿನ ತನ್ನ ಮೇಲೆ ಬಿದ್ದ ಶಾಪವೆಂದೇ ಹೊತ್ತುಕೊಂಡಿದ್ದ. ಯಾವ ಅಪ್ಪನಿಗೂ ಬರಬಾರದ ಕೆಲಸ ನನಗೆ ಬಂತಲ್ಲ ಎಂದು ಹಲ್ಲು ಕಡಿದಿದ್ದ. ಅದೇ ಗಳಿಗೆಗೆ ಇವಳು ಸ್ತೋತ್ರ ಹೇಳಿದಳು. ಬಾಯಿಮಾತಿಗಲ್ಲ, ಹಸಿದವಳು ಅನ್ನ ಕಂಡ ಹಾಗೆ. ತನಗೆ ಸಿಕ್ಕಿ ಅವಳಿಗೆ ಸಿಗದೆ ಹೋದದ್ದೂ ಒಂದಿತ್ತು ಎನ್ನುವುದು ಅವನಿಗೆ ಹೊಳೆದಿರಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಮೋನಿಕಾ ಬಂದು ಬಾಗಿಲಲ್ಲಿ ನಿಂತಳು. “ಜಗಳ ಬೇಡ. ಅವಳನ್ನ ಕರ್ಕೊಂಡ್ ಬರೋಣ. ನಾನೂ ಬರ್ತೀನಿ,” ಎಂದಳು.

*

ಅಯ್ಯನವರು ಇಲ್ಲವೆನ್ನಲಿಲ್ಲ. “ಅವತ್ತೇ ಬರಬಹುದಿತ್ತಲ್ಲಪ್ಪ” ಎಂದು ಕೇಳಿದರು ಅಷ್ಟೆ. ಸಭೆಯ ಸಮಾಧಿ ಜಾಗದ ಬೇಲಿಯ ಪಕ್ಕ, ಬೇವಿನ ಗಿಡದ ಬುಡದಲ್ಲಿ ಒಂದು ಜಾಗ ತೋರಿಸಿದರು.

ಶನಿವಾರ ಬೆಳಿಗ್ಗೆ ಮೂವರೂ ಆಟೋದಲ್ಲಿ ಹೋದರು. ಗೋಪಿಯ ಕಾಲಡಿ ಹಾರೆ, ಸನಿಕೆ. ದಾನವ್ವನ ಮಡಿಲಲ್ಲಿ ಒಗೆದು ಮಡಚಿದ ಬಿಳಿ ಬಟ್ಟೆ. ಮೋಡ ಕವಿದಿತ್ತು. ಲೇಔಟಿನ ಕೆಂಪು ಮಣ್ಣಿನ ತುಂಬ ಸುಣ್ಣದ ಗೆರೆಗಳು, ನಂಬರ್ ಕಲ್ಲುಗಳು. ಅಪ್ಪನ ಹೊಲ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳಲು ಒಂದು ಮರವನ್ನೂ ಉಳಿಸಿರಲಿಲ್ಲ.

ಕಾರ್ನರ್ ಸೈಟಿನ ದಿಬ್ಬ ಮಾತ್ರ ಇತ್ತು. ಸುತ್ತಲೂ ಮೊಣಕಾಲೆತ್ತರ ಮಣ್ಣು ಕೆರೆದು, ನಡುವೆ ಒಂದು ಮಂಚದಷ್ಟು ಜಾಗವನ್ನು ಹಾಗೇ ಬಿಟ್ಟಿದ್ದರು. ಮೇಲೆ ಅವನು ಹೇರಿದ ಕಲ್ಲುಗಳು ಅವನು ಹೇರಿದಂತೆಯೇ ಇದ್ದವು. ಪಕ್ಕದಲ್ಲಿ ಯಾರೋ ಕುಡಿದು ಎಸೆದ ಬಿಯರ್ ಬಾಟಲಿಗಳು. ದಾನವ್ವ ಅವನ್ನು ಒಂದೊಂದಾಗಿ ಆಯ್ದು ದೂರ ಇಟ್ಟಳು.

ಜೆಸಿಬಿಯ ನೆರಳಲ್ಲಿ ಬೀಡಿ ಸೇದುತ್ತಾ ಕೂತಿದ್ದವನು ಎದ್ದು ಬಂದ. ಕೋಲಾರದ ಕಡೆಯ ಕದಿರಪ್ಪ, ಆ ಯಂತ್ರ ಓಡಿಸುವವನು.

“ನಿಮ್ದಾ ಇದು?” ಎಂದ.

“ಹೂಂ.”

“ಸಣ್ಣ ಕೂಸಾ ತಮ್ಮ?”

ಗೋಪಿ ತಲೆಯಾಡಿಸಿದ.

“ಕಲ್ಲು ಜೋಡ್ಸಿರೋದ್ ನೋಡ್ದಾಗ್ಲೇ ಅಂದ್ಕೊಂಡೆ. ಬಕೆಟ್ ಹಾಕು ಅಂದ್ರು. ನನ್ ಕೈಲಾಗಲ್ಲ ಅಂದೆ. ಸುತ್ತು ಹಾಕ್ಕೊಂಡೇ ಕೆರೆದೆ. ಯಜಮಾನ್ರು ಬೈದ್ರು. ನಾಳೆ ಬೇರೆ ಡ್ರೈವರ್ ಬರ್ತಾನಂತೆ, ನಂಗೆ ಇಲ್ಲಿ ಇವತ್ತೇ ಕೊನೆ.” ಬೀಡಿಯನ್ನು ಕಾಲಲ್ಲಿ ಹೊಸಕಿದ. “ನಂದೂ ಒಂದ್ ಕೂಸು ಹೋಗೈತೆ ಹಿಂಗೇ. ಇರ್ಲಿ ಬುಡು. ಸನಿಕೆ ಇಲ್ಲಿ ಕೊಡು, ಒಂದ್ ಕೈ ಹಾಕ್ತೀನಿ.”

ಊರಿನಲ್ಲಿ ಇರುವವರೆಲ್ಲ ತನ್ನ ಮಗಳನ್ನು ತುಳಿದುಕೊಂಡು ಓಡಾಡುತ್ತಿದ್ದಾರೆ ಎಂದು ಎರಡು ವರ್ಷ ಉರಿದುಕೊಂಡಿದ್ದ ಗೋಪಿ ಅವನ ಮುಖವನ್ನೇ ನೋಡಿದ. “ಬೇಡಣ್ಣ, ನಾನೇ ಅಗೀತೀನಿ,” ಎಂದ. ಆಮೇಲೆ, ತಡವಾಗಿ, “ನಿನ್ ಉಪಕಾರ ಮರೆಯಲ್ಲ” ಎಂದ. ಅಂಥ ಮಾತು ಬಾಯಲ್ಲಿ ಆಡಿ ಅಭ್ಯಾಸವಿಲ್ಲದೆ ಅದು ಬೈಗುಳದಷ್ಟೇ ಒರಟಾಗಿ ಬಂತು. ಕದಿರಪ್ಪ ಹೋಗಿ ಯಂತ್ರದ ಮರೆಯಲ್ಲಿ ಕೂತ.

ಕಲ್ಲು ಸರಿಸಿ ಗೋಪಿ ಅಗೆಯತೊಡಗಿದ. ಹಾರೆಯನ್ನು ಬೇಗ ಬಿಟ್ಟ, ಸನಿಕೆಯನ್ನೂ ಬಿಟ್ಟ, ಕೈಯಲ್ಲೇ ಕೆದರಿದ. ಮೋನಿಕಾ ಗುಂಡಿಯ ಅಂಚಿಗೆ ಬಂದು ಕೂತಳು. ಮಣ್ಣಿನೊಳಗಿಂದ ಮೊದಲು ಹಳದಿ ದಾರ ಕಂಡಿತು.

ಟೋಪಿ. ಪ್ಲಾಸ್ಟಿಕ್ಕಿನಂಥ ಅಗ್ಗದ ಉಣ್ಣೆ, ಕೊಳೆತಿರಲಿಲ್ಲ. ಅದರೊಳಗೆ ಮಣ್ಣು ತುಂಬಿತ್ತು. ಅವನು ಇನ್ನೂ ಕೆದರಿದ. ಬಟ್ಟೆಯ ಎಳೆಗಳು, ಒಂದೆರಡು ಬಿಳಿ ಚೂರು, ಮುಟ್ಟಿದರೆ ಪುಡಿಯಾಗುತ್ತಿದ್ದವು. ಬೇರೆ ಏನೂ ಇರಲಿಲ್ಲ. ಉಪ್ಪು, ಮಳೆ, ಕೆಂಪು ಮಣ್ಣು ಸೇರಿ ಅಷ್ಟು ಎಳೆಯ ಜೀವದಿಂದ ಏನನ್ನೂ ಉಳಿಸಿರಲಿಲ್ಲ. ಮುಷ್ಟಿ ಕಟ್ಟಿದ್ದ ಆ ಕೈಗಾಗಿ ಅವನು ಹುಚ್ಚನಂತೆ ಹುಡುಕಿದ. ಮೋನಿಕಾ ಬಗ್ಗಿ ಅವನ ಮಣಿಕಟ್ಟು ಹಿಡಿದಳು.

“ಸಾಕು ಗೋಪಿ. ಮಣ್ಣನ್ನೇ ತಗೊಳ್ಳೋಣ.”

ಕದಿರಪ್ಪನೇ ಗಾರೆ ಕೆಲಸದ ಕಬ್ಬಿಣದ ಬಾಂಡ್ಲಿಯೊಂದನ್ನು ತೊಳೆದು ತಂದಿಟ್ಟ. ದಾನವ್ವ ಅದರಲ್ಲಿ ಬಿಳಿ ಬಟ್ಟೆ ಹಾಸಿದಳು. ಟೋಪಿಯಿದ್ದ ಜಾಗದ ಮಣ್ಣನ್ನು ಮೋನಿಕಾ ಬೊಗಸೆಯಲ್ಲಿ ತೆಗೆದು ತೆಗೆದು ತುಂಬಿದಳು. ಕೊನೆಗೆ ಟೋಪಿಯನ್ನು ಕೊಡವದೆ ಮೇಲಿಟ್ಟಳು. ಎರಡು ವರ್ಷದ ಹಿಂದೆ ಕೊಡಬೇಕಿದ್ದ ಮುತ್ತನ್ನು ಆ ಟೋಪಿಗೆ ಕೊಟ್ಟಳು. ತುಟಿಗೆ ಹತ್ತಿದ ಮಣ್ಣನ್ನು ಒರೆಸಿಕೊಳ್ಳಲಿಲ್ಲ.

ದಾನವ್ವ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಳು. ಅವಳಿಗೂ ಇವತ್ತು ಮಾತು ಸುಲಭವಾಗಿ ಬರಲಿಲ್ಲ. ಕಾಯ್ದುಕೊಂಡ ಜಾಗಕ್ಕಾಗಿ ಎಂದಳು, ಕದಿರಪ್ಪನಿಗಾಗಿ ಎಂದಳು, ನಿಂತಳು. ಮೋನಿಕಾ, “ಅವಳು ನನ್ನೊಳಗೆ ಇದ್ದಷ್ಟು ದಿನಕ್ಕಾಗಿ” ಎಂದಳು.

“ಇದು ಗೋಪಿ ಪಾಲಿಂದು,” ಎಂದು ದಾನವ್ವ ಬಾಯಿ ತೆರೆದಳು.

“ನಾನೇ ಹೇಳ್ತೀನಿ ಅತ್ತೆ.”

ಯಾರೊಂದಿಗೆ ಮಾತಾಡುತ್ತಿದ್ದೇನೆ ಎಂಬುದೂ ಸರಿಯಾಗಿ ಗೊತ್ತಿಲ್ಲದೆ, ಗುಂಡಿಯನ್ನೇ ನೋಡುತ್ತಾ, “ನಾನು ತೊಳೆದೆ,” ಎಂದ. “ಬಿಸಿನೀರಿತ್ತು. ತೊಳೆಯಕ್ ಸಿಕ್ಳು. ಅದಕ್ಕೆ.”

ಸ್ತೋತ್ರ ಎಂಬ ಪದ ಅವನ ಬಾಯಿಂದ ಬರಲಿಲ್ಲ. ದಾನವ್ವ ಮೆಲ್ಲಗೆ ಆಮೆನ್ ಎಂದಳು. ಅವನ ಎದೆಯ ನೋವು ಒಂದಿಷ್ಟೂ ಕಡಿಮೆಯಾಗಲಿಲ್ಲ. ಆದರೆ ಮೊದಲ ಸಲ ಅದು ಬರೀ ನೋವಾಗಿತ್ತು. ಯಾರ ಮೇಲೋ ಎಸೆಯಬೇಕಾದ ಕಲ್ಲಾಗಿರಲಿಲ್ಲ.

ಅವನು ಬಾಂಡ್ಲಿಯನ್ನು ಎತ್ತುವ ಹೊತ್ತಿಗೆ ಬಿಳಿ ಕಾರು ಬಂದು ನಿಂತಿತು. ಚಿಕ್ಕಹನುಮಯ್ಯ ಇಳಿದ. ಸುಣ್ಣದ ಗೆರೆ ಹಾಕುತ್ತಿದ್ದ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಅವನು ಗುಂಡಿಯನ್ನು ನೋಡಿದ, ಬಾಂಡ್ಲಿಯನ್ನು ನೋಡಿದ.

“ಏನ್ಲಾ ಇದು? ಮೂಳೆ ಎತ್ಕಂಡೋಗು ಅಂದ್ರೆ ನನ್ ಜಮೀನಿನ ಮಣ್ಣು ಒತ್ಕಂಡೋಯ್ತಾ ಇದೀಯಾ? ನಿಮ್ಮಪ್ಪನೂ ಇಂಗೇ. ಸಾಯೋಗಂಟ ನನ್ ಅನ್ನ ತಿಂದ, ನನ್ನೇ ಕಳ್ಳ ಅಂದ. ಜಾತಿ ಬುಟ್ಟೆ, ಕುಲ ಬುಟ್ಟೆ, ಆ ಯೇಸು ಇಂದೆ ಓದೆ. ಏನ್ ಕೊಟ್ನಲಾ ಅವ್ನು ನಿಂಗೆ? ಯೋಳು, ಎಲ್ರೂ ಕೇಳ್ಳಿ. ಒಂದ್ ಬಾಂಡ್ಲಿ ಮಣ್ಣಾ?”

ಆಳುಗಳಲ್ಲಿ ಒಬ್ಬ ನಕ್ಕ. ಗೋಪಿಯ ಕಾಲ ಬಳಿಯೇ ಹಾರೆ ಬಿದ್ದಿತ್ತು. ನಾಲಿಗೆಯ ತುದಿಗೆ ಬಂದ ಮಾತುಗಳು ಒಂದೆರಡಲ್ಲ. ಅವುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಮೋನಿಕಾ ಅವನ ತೋಳು ಹಿಡಿಯಲಿಲ್ಲ.

ಅವನ ಎರಡು ಕೈಗಳಲ್ಲೂ ಬಾಂಡ್ಲಿ ಇತ್ತು. ಹಾರೆ ಹಿಡಿಯಬೇಕಾದರೆ ಅದನ್ನು ಕೆಳಗಿಡಬೇಕು.

ಗೋಪಿ ಬಾಂಡ್ಲಿಯನ್ನು ಎದೆಗೆ ಒತ್ತಿಕೊಂಡು ಸುಣ್ಣದ ಗೆರೆಗಳನ್ನು ದಾಟಿ ನಡೆದ. ಹಿಂದೆ ಮೋನಿಕಾ, ಅವಳ ಹಿಂದೆ ಹಾರೆ ಸನಿಕೆ ಹೊತ್ತ ದಾನವ್ವ. “ಏಯ್, ನಿನ್ಗೇ ಕಣ್ಲಾ ಕೇಳ್ತಿರೋದು,” ಎಂಬ ಕೂಗು ಬೆನ್ನಿಗೆ ಬಂತು. ಇನ್ನೊಂದು ಸಲ ಬಂತು. ಅವನೇ ಅರ್ಧ ಬೆಸೆದು ಬಿಟ್ಟಿದ್ದ ಗೇಟಿನಲ್ಲಿ, ಮಣ್ಣು ತುಳುಕದಂತೆ ಮೈಯನ್ನು ಓರೆ ಮಾಡಿ ಹೊರಬಿದ್ದು, ಆಟೋದ ಕಡೆ ನಡೆಯುತ್ತಲೇ ಹೋದ.